ವಚನದ ಪಕ್ಕದಲ್ಲಿ ಲೆಕ್ಕದ ಹಾಳೆ

ಆ ಭಾನುವಾರ ಆರಾಧನೆ ಮುಗಿದ ಮೇಲೆ ಉಳಿದ ಹೊತ್ತನ್ನೆಲ್ಲ ಒಂದೇ ಕೆಲಸಕ್ಕೆ ಎತ್ತಿಟ್ಟಿದ್ದೆ. ಸತ್ಯವೇದದ ಕೆಲವು ವಚನಗಳಿಗೆ ಇಂದಿನ ಭೌತಶಾಸ್ತ್ರವೇ ಸಾಕ್ಷಿ ಹೇಳುತ್ತದೆ ಎಂದು ಪ್ರಸಂಗಗಳಲ್ಲಿ, ಕರಪತ್ರಗಳಲ್ಲಿ ಆಗಾಗ ಬರುತ್ತದಲ್ಲ, ಅಂಥವನ್ನು ಒಂದೊಂದಾಗಿ ತೆಗೆದು ಕಾಗದದ ಮೇಲೆ ಲೆಕ್ಕ ಹಾಕಿ ನೋಡುವ ಕೆಲಸ. ವಚನವನ್ನೂ ಭೌತಶಾಸ್ತ್ರವನ್ನೂ ಒಟ್ಟಿಗೆ ಪ್ರೀತಿಸುವವರಿಗೆ ಈ ಶ್ರಮ ಬೇಕು. ಎರಡನ್ನೂ ಅರೆಬರೆ ಓದಿ ಗಂಟುಹಾಕಿದರೆ ಎರಡಕ್ಕೂ ಅನ್ಯಾಯ.

ಮೊದಲು ತೆಗೆದದ್ದು 2 ಪೇತ್ರ 3:8. ಕರ್ತನ ಎಣಿಕೆಯಲ್ಲಿ ಒಂದು ದಿನ ಸಾವಿರ ವರ್ಷದಂತೆ, ಸಾವಿರ ವರ್ಷ ಒಂದು ದಿನದಂತೆ ಇದೆ ಎಂಬ ಮಾತು. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ ಎಂಬ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಪೇತ್ರನು ಮೊದಲೇ ಹೇಳಿಬಿಟ್ಟಿದ್ದಾನೆ ಎನ್ನುವವರು ಅನೇಕರು. ಹಾಗಾದರೆ ವೇಗ ಎಷ್ಟಿರಬೇಕು? ಸಾವಿರ ವರ್ಷಕ್ಕೆ 3,65,250 ದಿನ. ಅಂದರೆ ಗ್ಯಾಮಾ ಎಂದು ಕರೆಯುವ, ಕಾಲ ಎಷ್ಟು ಪಟ್ಟು ಹಿಗ್ಗುತ್ತದೆ ಎಂದು ಹೇಳುವ ಅಂಶ 3,65,250 ಆಗಬೇಕು. ಸೂತ್ರ ಎಲ್ಲ ಪಠ್ಯಪುಸ್ತಕಗಳಲ್ಲೂ ಇರುವುದೇ: ವೇಗದ ವರ್ಗವನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿ, ಅದನ್ನು ಒಂದರಿಂದ ಕಳೆದು, ವರ್ಗಮೂಲ ತೆಗೆದು, ಆ ಉತ್ತರದಿಂದ ಒಂದನ್ನು ಭಾಗಿಸಿದರೆ ಗ್ಯಾಮಾ. ಇದನ್ನು ಹಿಂದುಮುಂದು ಮಾಡಿ ಹತ್ತು ಅಂಕಿಯ ಸಾಮಾನ್ಯ ಕ್ಯಾಲ್ಕುಲೇಟರ್‌ನಲ್ಲಿ ವೇಗ ಕಂಡುಹಿಡಿಯಲು ಹೋದರೆ ಪರದೆಯ ಮೇಲೆ ಬರುವುದು ಬರೀ 1. ಬೆಳಕಿನ ವೇಗಕ್ಕೂ ಬೇಕಾದ ವೇಗಕ್ಕೂ ಇರುವ ಅಂತರ ಹನ್ನೆರಡನೇ ದಶಮಾಂಶ ಸ್ಥಾನದಲ್ಲಿ ಅಡಗಿರುತ್ತದೆ, ಯಂತ್ರ ಅದನ್ನು ನುಂಗಿಬಿಡುತ್ತದೆ. ಇಂಥ ಕಡೆ ವೇಗವನ್ನು ಬಿಟ್ಟು ಕೊರತೆಯನ್ನೇ ಲೆಕ್ಕ ಹಾಕಬೇಕು. ಗ್ಯಾಮಾದ ವರ್ಗವನ್ನು ಎರಡರಿಂದ ಗುಣಿಸಿ, ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ಸಾಕು. ವರ್ಗ ಸುಮಾರು 13,340 ಕೋಟಿ, ಅದರ ಎರಡರಷ್ಟು 26,680 ಕೋಟಿ. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಉತ್ತರ ಸೆಕೆಂಡಿಗೆ ಸುಮಾರು 1.1 ಮಿಲಿಮೀಟರ್. ಬೆಳಕಿಗಿಂತ ಇಷ್ಟೇ ಇಷ್ಟು ಹಿಂದೆ ಓಡುವ ಗಡಿಯಾರದಲ್ಲಿ ಒಂದು ದಿನ ಕಳೆಯುವಾಗ ನಮ್ಮಲ್ಲಿ ಸಾವಿರ ವರ್ಷ ಕಳೆದಿರುತ್ತದೆ. ಜಿನೀವಾ ಬಳಿಯ ಎಲ್‌ಎಚ್‌ಸಿ ವೇಗವರ್ಧಕದಲ್ಲಿ 6.5 ಟೆರಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನ್ ಬೆಳಕಿಗಿಂತ ಸೆಕೆಂಡಿಗೆ ಸುಮಾರು 3 ಮೀಟರ್ ಹಿಂದಿರುತ್ತದೆ. ಅದರ ಒಂದು ದಿನ ನಮ್ಮ ಹತ್ತೊಂಬತ್ತು ವರ್ಷ.

ಲೆಕ್ಕ ಚೆಂದವಾಗಿದೆ, ಉತ್ತರ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಪೇತ್ರನ ಈ ಮಾತಿಗೆ ಮೂಲವಾದ 90ನೇ ಕೀರ್ತನೆಯ ನಾಲ್ಕನೇ ವಚನ ತೆರೆದ ಕೂಡಲೇ ತೊಡಕು ಶುರು. ಅಲ್ಲಿ ಸಾವಿರ ವರ್ಷ ಕಳೆದುಹೋದ ನಿನ್ನೆಯ ದಿನದಂತೆ, ರಾತ್ರಿಯ ಒಂದು ಜಾವದಂತೆ. ಇಸ್ರಾಯೇಲರು ರಾತ್ರಿಯನ್ನು ಮೂರು ಜಾವ ಮಾಡುತ್ತಿದ್ದರು, ಒಂದು ಜಾವ ಸುಮಾರು ನಾಲ್ಕು ಗಂಟೆ. ಆ ಲೆಕ್ಕಕ್ಕೆ ಗ್ಯಾಮಾ 3,65,250 ಹೋಗಿ 21,91,500 ಆಗಬೇಕು. ಒಂದೇ ವಚನದಲ್ಲಿ ಎರಡು ಗ್ಯಾಮಾ! ಕೀರ್ತನೆಗಾರನು ಅನುಪಾತ ಕೊಡುತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ಗಂಭೀರ. ಗಡಿಯಾರ ನಿಧಾನವಾಗಬೇಕಾದರೆ ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತಿರಬೇಕು. ಅಂದರೆ ಈ ತಾಳೆಯಲ್ಲಿ ದೇವರು ವಿಶ್ವದೊಳಗೆ ಒಂದು ದಿಕ್ಕಿಗೆ ಧಾವಿಸುವ ಪ್ರಯಾಣಿಕ ಆಗಿಬಿಡುತ್ತಾನೆ. ಪೇತ್ರನ ಮುಂದಿನ ವಚನ ಓದಿ: ಕರ್ತನು ತಡಮಾಡುತ್ತಾನೆಂದು ಅಂದುಕೊಳ್ಳಬೇಡಿ, ಯಾರೂ ನಾಶವಾಗಬಾರದೆಂದು ಅವನು ದೀರ್ಘಶಾಂತಿಯಿಂದ ಕಾಯುತ್ತಿದ್ದಾನೆ ಎನ್ನುತ್ತದೆ. ಅದು ಕಾಯುವವನ ಮಾತು. ಗ್ಯಾಮಾ ಹಾಕಿದರೆ ಕಾಯುವವನಿಗೆ ಕಾಯುವ ಕಷ್ಟವೇ ಉಳಿಯುವುದಿಲ್ಲ, ಅವನಿಗೆ ಕಳೆದದ್ದು ಎರಡೇ ದಿನ.

ಆ ದಿನದ ಉಳಿದ ತಾಳೆಗಳಲ್ಲೂ ನನಗೆ ಮತ್ತೆ ಮತ್ತೆ ಕಂಡದ್ದು ಇದೇ. ಹೊಂದಿಸಿದಾಗ ವಚನ ದೊಡ್ಡದಾಗುವುದಿಲ್ಲ, ಕಿರಿದಾಗುತ್ತದೆ.

ಕೊಲೊಸ್ಸೆ 1:17 ಇದಕ್ಕೆ ಒಳ್ಳೆಯ ಉದಾಹರಣೆ. ಸಮಸ್ತವೂ ಆತನಲ್ಲಿ ನೆಲೆಗೊಂಡಿದೆ ಎಂಬ ಮಾತನ್ನು ಪರಮಾಣು ಬೀಜಕ್ಕೆ ತಂದು ಕೂರಿಸುತ್ತಾರೆ. ಹಾಗೆ ಅನಿಸುವುದಕ್ಕೆ ಕಾರಣವೂ ಇದೆ. ಎರಡು ಪ್ರೋಟಾನ್‌ಗಳು ಒಂದು ಫೆಮ್ಟೊಮೀಟರ್ ದೂರದಲ್ಲಿದ್ದಾಗ, ಅಂದರೆ ಮಿಲಿಮೀಟರಿನ ಒಂದು ಲಕ್ಷ ಕೋಟಿಯಲ್ಲಿ ಒಂದು ಪಾಲು ಅಂತರದಲ್ಲಿ, ಅವುಗಳ ಧನ ವಿದ್ಯುದಾವೇಶ ಸುಮಾರು 230 ನ್ಯೂಟನ್ ಬಲದಿಂದ ಒಂದನ್ನೊಂದು ತಳ್ಳುತ್ತದೆ. ಇಪ್ಪತ್ಮೂರು ಕಿಲೋ ತೂಕದ ಹೊರೆಯಷ್ಟು ಬಲ, ಅದೂ ಎರಡು ಪ್ರೋಟಾನ್‌ಗಳ ನಡುವೆ! ಆದರೂ ಬೀಜ ಸಿಡಿಯುವುದಿಲ್ಲ, ಪ್ರಬಲ ಬಲ ಎಂಬ ಇನ್ನೊಂದು ಬಲ ಅದನ್ನು ಹಿಡಿದಿದೆ. ‘ಆ ಹಿಡಿತವೇ ಕ್ರಿಸ್ತನು’ ಎಂದುಬಿಡುವುದು ಸುಲಭ. ಆದರೆ ಪ್ರಬಲ ಬಲ ಹಿಡಿಯುವುದು ಪ್ರೋಟಾನಿನ ಒಳಗಿರುವಂಥ ಕ್ವಾರ್ಕ್‌ಗಳನ್ನು, ಅವುಗಳಿಂದಾದ ಕಣಗಳನ್ನು ಮಾತ್ರ. ಎಲೆಕ್ಟ್ರಾನ್ ಅದಕ್ಕೆ ಸಿಗುವುದಿಲ್ಲ, ಬೆಳಕೂ ಸಿಗುವುದಿಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೊಗಳೆಂಬ ಅತಿ ಹಗುರ ಕಣಗಳು ಪ್ರತಿ ಚದರ ಸೆಂಟಿಮೀಟರಿನ ಮೂಲಕ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ. ಹೆಬ್ಬೆರಳಿನ ಉಗುರಿನ ಮೂಲಕ ಈ ಕ್ಷಣವೂ ಹೋಗುತ್ತಿವೆ, ರಾತ್ರಿ ಹೊತ್ತಿನಲ್ಲಿ ಭೂಮಿಯನ್ನೇ ತೂರಿಕೊಂಡು ಪಾದದ ಕಡೆಯಿಂದ ಬರುತ್ತವೆ. ಅವುಗಳ ಮೇಲೆ ಪ್ರಬಲ ಬಲದ ಪ್ರಭಾವ ಏನೇನೂ ಇಲ್ಲ. ಪೌಲನು ಬರೆದದ್ದು ‘ಸಮಸ್ತವೂ’ ಎಂದು. ಕ್ರಿಸ್ತನನ್ನು ಪ್ರಬಲ ಬಲಕ್ಕೆ ಸಮ ಮಾಡಿದರೆ ಈ ನ್ಯೂಟ್ರಿನೊಗಳು ಯಾರಲ್ಲಿ ನೆಲೆಗೊಂಡಿವೆ? ಪೌಲನ ಮಾತು ಪ್ರಬಲ ಬಲವೂ ಸೇರಿದಂತೆ ನಿಯಮಗಳೆಲ್ಲ ಯಾರಿಂದ ಇವೆ ಎಂಬುದರ ಬಗ್ಗೆ. ಅದನ್ನು ನಿಸರ್ಗದ ನಾಲ್ಕು ಮೂಲ ಬಲಗಳಲ್ಲಿ ಒಂದಕ್ಕೆ ಇಳಿಸುವುದು ಭಕ್ತಿಯಂತೆ ಕಂಡರೂ ಭಕ್ತಿಯಲ್ಲ ಎಂದೇ ನನ್ನ ಅಭಿಪ್ರಾಯ.

ಆದಿಕಾಂಡ 1:3 ಎಲ್ಲರೂ ಮೊದಲು ಮುಟ್ಟುವ ವಚನ. ಬೆಳಕಾಗಲಿ ಅಂದಾಗ ಆದ ಬೆಳಕೇ ಇಂದು ಆಕಾಶದ ಎಲ್ಲ ದಿಕ್ಕಿನಿಂದ ಬರುವ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣ ಎನ್ನುತ್ತಾರೆ. ಈ ವಿಕಿರಣ ಏನೆಂದು ಸರಿಯಾಗಿ ತಿಳಿದರೆ ತಾಳೆ ಎಲ್ಲಿ ಜಾರುತ್ತದೆ ಎನ್ನುವುದೂ ತಿಳಿಯುತ್ತದೆ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಅರ್ನೊ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ 7.35 ಸೆಂಟಿಮೀಟರ್ ತರಂಗಾಂತರದಲ್ಲಿ, ಆಂಟೆನಾ ಎತ್ತ ತಿರುಗಿಸಿದರೂ ಸುಮಾರು 3.5 ಕೆಲ್ವಿನ್‌ನಷ್ಟು ಹೆಚ್ಚುವರಿ ಗದ್ದಲ ಸಿಕ್ಕಿತು (ಕೆಲ್ವಿನ್ ಎಂದರೆ ಪರಮ ಶೂನ್ಯದಿಂದ ಎಣಿಸುವ ಉಷ್ಣತೆಯ ಡಿಗ್ರಿ). ಇಂದಿನ ನಿಖರ ಅಳತೆ 2.725 ಕೆಲ್ವಿನ್. ವಿಶ್ವಕ್ಕೆ ಸುಮಾರು 3,80,000 ವರ್ಷ ಆಗಿದ್ದಾಗ ಉಷ್ಣತೆ 3,000 ಕೆಲ್ವಿನ್ ಹತ್ತಿರಕ್ಕೆ ಇಳಿದು, ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳ ಜೊತೆ ಸೇರಿ ಪರಮಾಣುಗಳಾದವು. ಅಲ್ಲಿಯವರೆಗೆ ಬಿಡಿ ಎಲೆಕ್ಟ್ರಾನ್‌ಗಳಿಗೆ ಡಿಕ್ಕಿ ಹೊಡೆಯುತ್ತ ಅಲೆಯುತ್ತಿದ್ದ ಬೆಳಕು ಮಂಜು ಸರಿದಂತೆ ನೇರವಾಗಿ ಹೊರಟಿತು. ಅಲ್ಲಿಂದೀಚೆಗೆ ವಿಶ್ವ ಸುಮಾರು 1,100 ಪಟ್ಟು ಹಿಗ್ಗಿದೆ. 3,000ವನ್ನು 1,100ರಿಂದ ಭಾಗಿಸಿದರೆ 2.7, ಲೆಕ್ಕ ಸರಿಹೋಗುತ್ತದೆ. ಬಾಹ್ಯಾಕಾಶದ ಪ್ರತಿ ಘನ ಸೆಂಟಿಮೀಟರಿನಲ್ಲಿ ಇಂದಿಗೂ ಆ ಬೆಳಕಿನ ಸುಮಾರು 411 ಫೋಟಾನ್‌ಗಳಿವೆ.

ಅಂದರೆ ಅದು ಮೊದಲ ಬೆಳಕಲ್ಲ. ಅದಕ್ಕೂ ಮೊದಲಿನ 3,80,000 ವರ್ಷ ಬೆಳಕು ಇದ್ದೇ ಇತ್ತು, ಈಗಿನದಕ್ಕಿಂತ ಬಹಳ ತೀಕ್ಷ್ಣವಾಗಿಯೇ ಇತ್ತು. ಇನ್ನು ಮೂರನೇ ವಚನವನ್ನು ಮಾತ್ರ ಎತ್ತಿಕೊಂಡು ಎರಡನೆಯದನ್ನು ಬಿಡುವಂತಿಲ್ಲ. ಬೆಳಕಿಗೆ ಮೊದಲೇ ಅಲ್ಲಿ ಭೂಮಿ ಇದೆ, ನೀರೂ ಇದೆ. ಭೌತಶಾಸ್ತ್ರದಲ್ಲಿ ನೀರಿನ ಹೈಡ್ರೊಜನ್ ಮೊದಲ ನಿಮಿಷಗಳದ್ದು, ಆಕ್ಸಿಜನ್ ನಕ್ಷತ್ರಗಳ ಒಡಲಲ್ಲಿ ಬೆಂದದ್ದು. ನಕ್ಷತ್ರಗಳು ಹುಟ್ಟುವ ಮೊದಲು ಒಂದು ಹನಿ ನೀರೂ ಸಾಧ್ಯವಿಲ್ಲ. ಮೂರನೇ ದಿನ ಹುಲ್ಲು, ಮರ. ನಾಲ್ಕನೇ ದಿನ ಸೂರ್ಯ. ಈ ಕ್ರಮವನ್ನು ಕಾಲಾನುಕ್ರಮಣಿಕೆಯಾಗಿ ಓದಿದರೆ ಪ್ರತಿ ಸಾಲಿಗೂ ಒಂದು ನೆಪ ಹುಡುಕಬೇಕಾಗುತ್ತದೆ. ಒಂದರಿಂದ ಮೂರನೇ ದಿನದವರೆಗೆ ಬೆಳಕು, ಆಕಾಶ ಮತ್ತು ನೀರು, ಒಣನೆಲ ಎಂಬ ಮೂರು ಎಡೆಗಳು ಸಿದ್ಧವಾಗುತ್ತವೆ; ನಾಲ್ಕರಿಂದ ಆರನೇ ದಿನದವರೆಗೆ ಅದೇ ಕ್ರಮದಲ್ಲಿ ಜ್ಯೋತಿಗಳು, ಹಕ್ಕಿ ಮೀನುಗಳು, ಪ್ರಾಣಿಗಳು ಮತ್ತು ಮನುಷ್ಯ ಬಂದು ಆ ಎಡೆಗಳನ್ನು ತುಂಬುತ್ತವೆ. ಹಾಗೆ ಓದಿದರೆ ಯಾವ ಸಾಲೂ ತೊಡಕಾಗುವುದಿಲ್ಲ. ನೆರೆಯ ಜನಾಂಗಗಳು ಪೂಜಿಸುತ್ತಿದ್ದ ಸೂರ್ಯಚಂದ್ರರು ನಾಲ್ಕನೇ ದಿನಕ್ಕೆ ಇಳಿದು ಬರೀ ದೀಪಗಳಾಗುವುದು ಎಂಥ ಧೈರ್ಯದ ಮಾತೆಂಬುದೂ ಆಗ ಕಾಣುತ್ತದೆ.

ಆರು ದಿನಗಳನ್ನು ಒಂದು ಲಕ್ಷ ಕೋಟಿ ಪಟ್ಟು ಹಿಗ್ಗಿಸಿ ವಿಶ್ವದ ವಯಸ್ಸು ಬರಿಸುವ ಲೆಕ್ಕವೂ ಓಡಾಡುತ್ತಿದೆ. ಗುಣಿಸಿ ನೋಡಿದೆ: 6 ಲಕ್ಷ ಕೋಟಿ ದಿನ ಅಂದರೆ ಸುಮಾರು 1,640 ಕೋಟಿ ವರ್ಷ. ಅಳೆದಿರುವ ವಯಸ್ಸು 1,380 ಕೋಟಿ. ಆ ಗುಣಕವೇ ಏಕೆ, ಬೇರೆ ಸಂಖ್ಯೆ ಏಕಲ್ಲ? ಬೇಕಾದ ಉತ್ತರದಿಂದ ಹಿಂದಕ್ಕೆ ನಡೆದು ಆರಿಸಿದಂತೆ ನನಗೆ ಕಾಣುತ್ತದೆ. ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಹೆಚ್ಚು ಹೇಳಬೇಕಾದದ್ದು ಜಾರ್ಜ್ ಲೆಮೆತ್ರ್ ಬಗ್ಗೆ. ಬೆಲ್ಜಿಯಂನ ಈ ಕ್ಯಾಥೊಲಿಕ್ ಗುರುಗಳು 1923ರಲ್ಲಿ ಯಾಜಕ ದೀಕ್ಷೆ ಪಡೆದು, ಕೇಂಬ್ರಿಜ್‌ನಲ್ಲಿ ಖಗೋಳ ವಿಜ್ಞಾನಿ ಎಡಿಂಗ್ಟನ್ ಬಳಿ ಕಲಿತರು. 1927ರಲ್ಲಿ ಐನ್‌ಸ್ಟೈನರ ಸಮೀಕರಣಗಳಿಂದ ವಿಶ್ವ ಹಿಗ್ಗುತ್ತಿದೆ ಎಂದು ತೋರಿಸಿದರು. ಹಿಗ್ಗುವ ದರವನ್ನೂ ಕೊಟ್ಟರು: ಪ್ರತಿ ಮೆಗಾಪಾರ್ಸೆಕ್ (ಸುಮಾರು 32.6 ಲಕ್ಷ ಜ್ಯೋತಿರ್ವರ್ಷ) ದೂರಕ್ಕೆ ಸೆಕೆಂಡಿಗೆ ಸುಮಾರು 625 ಕಿಲೋಮೀಟರ್. ಅಮೆರಿಕದ ಖಗೋಳ ವಿಜ್ಞಾನಿ ಹಬಲ್ 1929ರಲ್ಲಿ ಕೊಟ್ಟದ್ದು ಸುಮಾರು 500. ಲೆಕ್ಕ ಸರಿ, ಆದರೆ ಭೌತಶಾಸ್ತ್ರ ಅಸಹ್ಯ ಎಂಬರ್ಥದಲ್ಲಿ ಐನ್‌ಸ್ಟೈನ್ ಅವರಿಗೆ 1927ರಲ್ಲೇ ಹೇಳಿದ್ದರು. ಮುಂದೆ ತಾವೇ ಒಪ್ಪಿಕೊಂಡರು.

ಈಗ ಒಂದು ಸಣ್ಣ ಸೂತ್ರ. 97,800 ಕೋಟಿಯನ್ನು ಆ ದರದಿಂದ ಭಾಗಿಸಿದರೆ ವಿಶ್ವದ ಸ್ಥೂಲ ವಯಸ್ಸು ವರ್ಷಗಳಲ್ಲಿ ಸಿಗುತ್ತದೆ. ದರ 500 ಆದರೆ ಸುಮಾರು 196 ಕೋಟಿ ವರ್ಷ, 625 ಆದರೆ 156 ಕೋಟಿ. ಆದರೆ ಬಂಡೆಗಳಲ್ಲಿನ ವಿಕಿರಣಶೀಲ ಧಾತುಗಳ ಲೆಕ್ಕದಿಂದ ಭೂಮಿಗೇ ಅದಕ್ಕಿಂತ ಹೆಚ್ಚು ವಯಸ್ಸು ಎಂದು 1940ರ ದಶಕದಲ್ಲಿ ಗೊತ್ತಾಗಿತ್ತು. ವಿಶ್ವಕ್ಕಿಂತ ಭೂಮಿಯೇ ಹಿರಿದು! ಸಿದ್ಧಾಂತ ಇಂಥ ಬಿಕ್ಕಟ್ಟಿನಲ್ಲಿ ಇದ್ದಾಗಲೇ, 1951ರ ನವೆಂಬರ್ 22ರಂದು, ಹನ್ನೆರಡನೇ ಪಿಯೂಸ್ ಪೋಪರು ವ್ಯಾಟಿಕನ್‌ನ ವಿಜ್ಞಾನ ಅಕಾಡೆಮಿಯಲ್ಲಿ ಮಾತನಾಡುತ್ತ, ಆದಿಯ ‘ಬೆಳಕಾಗಲಿ’ ಎಂಬ ನುಡಿಗೆ ಇಂದಿನ ವಿಜ್ಞಾನ ಸಾಕ್ಷಿಯಾಗಿದೆ ಎಂಬರ್ಥದ ಮಾತು ಹೇಳಿದರು. ಹಿಗ್ಗುವ ವಿಶ್ವದ ಸಿದ್ಧಾಂತ ಲೆಮೆತ್ರ್ ಅವರದೇ, ಪೋಪರು ಅವರ ಸಭೆಯ ಮುಖ್ಯಸ್ಥರು. ಬೇರೆ ಯಾರೇ ಆಗಿದ್ದರೂ ಹಿಗ್ಗುತ್ತಿದ್ದರು. ಲೆಮೆತ್ರ್ ಅವರಿಗೆ ಇದು ಹಿಡಿಸಲಿಲ್ಲ. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ರೋಮ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಭಿಕರನ್ನು ಉದ್ದೇಶಿಸಿ ಪೋಪರು ಮಾತನಾಡಿದಾಗ ಆ ವಾದ ಮತ್ತೆ ಬರಲಿಲ್ಲ. ಅದೇ ರೋಮ್ ಸಭೆಯಲ್ಲಿ ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ, ಗ್ಯಾಲಕ್ಸಿಗಳ ದೂರದ ಅಳತೆಗೋಲೇ ತಪ್ಪಾಗಿದೆ, ದೂರಗಳನ್ನು ಸುಮಾರು ಇಮ್ಮಡಿ ಮಾಡಬೇಕು ಎಂದು ತಿಳಿಸಿದರು. ವಿಶ್ವದ ವಯಸ್ಸು ಒಂದೇ ಏಟಿಗೆ ಎರಡರಷ್ಟಾಯಿತು. ಇಂದು ದರ 70ರ ಆಸುಪಾಸಿನಲ್ಲಿದೆ. ಆದಿ ವಿಶ್ವದ ಬೆಳಕಿನಿಂದ ಲೆಕ್ಕ ಹಾಕಿದರೆ 67.4, ಹತ್ತಿರದ ಗ್ಯಾಲಕ್ಸಿಗಳಿಂದ ಅಳೆದರೆ 73ರ ಸುತ್ತ. ಈ ಎರಡರ ಜಗಳ ಇನ್ನೂ ತೀರಿಲ್ಲ.

625ರಿಂದ 70ಕ್ಕೆ ಇಳಿದ ಸಂಖ್ಯೆಗೆ ಆದಿಕಾಂಡವನ್ನು ಕಟ್ಟಿದ್ದರೆ ಇಷ್ಟು ಸಲ ಬಿಚ್ಚಿ ಕಟ್ಟಬೇಕಾಗಿತ್ತು. ಲೆಮೆತ್ರ್ ಇದನ್ನು ತಮ್ಮ ವೃತ್ತಿಯಿಂದಲೇ ಬಲ್ಲವರಾಗಿದ್ದರು. ಅವರ ಹಿಂಜರಿಕೆಗೆ ಇನ್ನೂ ಆಳವಾದ ಕಾರಣ 1931ರ ಒಂದು ಸಣ್ಣ ಬರಹದಲ್ಲಿ ಸಿಗುತ್ತದೆ. ಆ ವರ್ಷ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಗೆ ಅವರು ಬರೆದ ಪತ್ರದಲ್ಲಿ, ವಿಶ್ವ ಒಂದೇ ಕ್ವಾಂಟಂನಿಂದ, ಅಂದರೆ ಶಕ್ತಿಯ ಒಂದೇ ತುಣುಕಿನಿಂದ, ಶುರುವಾಗಿದ್ದರೆ ಆ ಆರಂಭದಲ್ಲಿ ಸ್ಥಳ ಮತ್ತು ಕಾಲ ಎಂಬ ಮಾತಿಗೇ ಅರ್ಥವಿರದು, ಕ್ವಾಂಟಂಗಳು ಸಾಕಷ್ಟು ಒಡೆದ ಮೇಲೆಯೇ ಅವುಗಳಿಗೆ ಅರ್ಥ ಬರುತ್ತದೆ ಎಂದರು. ಕಾಲದೊಳಗೆ ಲೋಕ ಹುಟ್ಟಿದ್ದಲ್ಲ, ಕಾಲದ ಜೊತೆಗೆ ಹುಟ್ಟಿತು ಎಂದು ಅಗಸ್ಟೀನ್ ಐದನೇ ಶತಮಾನದಲ್ಲೇ ವಾದಿಸಿದ್ದರು. ಅದನ್ನು ಲೆಮೆತ್ರ್ ನೆನೆದಿದ್ದರೆ ಆಶ್ಚರ್ಯವಿರಲಿಲ್ಲ, ಆದರೆ ಪತ್ರದಲ್ಲಿ ಧರ್ಮದ ಒಂದು ಸುಳಿವೂ ಇಲ್ಲ. ಟೈಪ್ ಮಾಡಿದ ಕರಡಿನಲ್ಲಿ ಮಾತ್ರ ಕೊನೆಗೊಂದು ಪ್ಯಾರಾ ಇತ್ತು. ಎಲ್ಲ ಇರವನ್ನೂ ಎಲ್ಲ ಕ್ರಿಯೆಯನ್ನೂ ಆಧರಿಸುವ ದೇವರನ್ನು ನಂಬುವವರು ಆತನು ಮರೆಯಾಗಿರುವವನೆಂದೂ ನಂಬುತ್ತಾರೆ, ಸೃಷ್ಟಿಯನ್ನು ಮರೆಮಾಡುವ ಪರದೆಯೊಂದನ್ನು ಇಂದಿನ ಭೌತಶಾಸ್ತ್ರ ಒದಗಿಸುವುದನ್ನು ಕಂಡು ಅವರು ಸಂತೋಷಪಡಬಹುದು ಎಂಬ ಭಾವದ್ದು. ಅದನ್ನು ಅವರೇ ಗೀಟು ಹಾಕಿ ತೆಗೆದರು. ಯೆಶಾಯ 45:15 ಅದೇ ದೇವರನ್ನು, ಮರೆಯಾಗುವ ದೇವರನ್ನು ಕರೆಯುತ್ತದೆ. ಪುರಾವೆ ಸಿಕ್ಕಿತು ಎಂದು ಇತರರು ಕುಣಿದಾಡುವ ಜಾಗದಲ್ಲಿ ಲೆಮೆತ್ರ್ ಕಂಡದ್ದು ಪರದೆಯನ್ನು. ನಂಬಿಕೆಯ ದೃಷ್ಟಿಯಿಂದಲೂ ಅದೇ ಹೆಚ್ಚು ನಿಷ್ಠೆಯ ಓದು ಎಂದು ನನಗೆ ದೃಢವಾಗಿ ಅನಿಸುತ್ತದೆ.

ಉಷ್ಣಗತಿ ವಿಜ್ಞಾನದ ಎರಡನೇ ನಿಯಮದ ಬಗೆಗಿನ ವಾದವನ್ನೂ ಆ ದಿನ ನೋಡಿದೆ. ಬಿಸಿ ತಣ್ಣನೆಯ ಕಡೆಗೆ ಹರಿಯುವುದು, ಎಲ್ಲವೂ ಸವೆಯುವುದು ಆದಾಮನ ಪಾಪದಿಂದ ಶುರುವಾಯಿತು, ರೋಮಾಪುರ 8:21ರಲ್ಲಿ ಸೃಷ್ಟಿಯು ನಾಶದ ದಾಸತ್ವದಲ್ಲಿದೆ ಎಂದದ್ದು ಇದನ್ನೇ ಎಂಬ ವಾದ. ಹಾಗಾದರೆ ಪಾಪಕ್ಕೆ ಮೊದಲು ಸೂರ್ಯ ಹೇಗೆ ಬೆಳಗಿತು? ಅದರ ನಡುವಿನಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿ, ಮೇಲ್ಮೈಯಲ್ಲಿ 5,500. ಬಿಸಿ ಒಳಗಿಂದ ಹೊರಗೆ ಹರಿಯುವುದರಿಂದಲೇ ಬೆಳಕು ನಮಗೆ ತಲುಪುತ್ತದೆ. ಆದಿಕಾಂಡ 1:29ರಲ್ಲಿ ಹಣ್ಣನ್ನು ಆಹಾರವಾಗಿ ಕೊಟ್ಟದ್ದೂ ಪಾಪಕ್ಕೆ ಮೊದಲೇ. ತಿಂದದ್ದು ಜೀರ್ಣವಾಗುವುದು ಎರಡನೇ ನಿಯಮದಿಂದ. ಈ ನಿಯಮವನ್ನು ಶಾಪವೆಂದು ಬಗೆದರೆ ಏದೆನ್ ತೋಟದ ಊಟವೇ ನಿಲ್ಲುತ್ತದೆ. ಪೌಲನು ಹೇಳುವ ದಾಸತ್ವ ಬೇರೆ.

ದೂರವಿದ್ದರೂ ಎರಡು ಕಣಗಳ ಸ್ಥಿತಿ ಒಂದಕ್ಕೊಂದು ಬೆಸೆದಿರುವ ಕ್ವಾಂಟಂ ಹೆಣಿಕೆಯಿಂದ ಪ್ರಾರ್ಥನೆಯನ್ನು ವಿವರಿಸುವವರಿಗೂ ಒಂದು ಮಾತು. ಹೆಣೆದುಕೊಂಡ ಎರಡು ಕಣಗಳಲ್ಲಿ ಒಂದನ್ನು ಅಳೆದು, ಅದರಿಂದ ಇನ್ನೊಂದು ಕಡೆಗೆ ಸಂದೇಶ ಕಳುಹಿಸಲು ಆಗದು. ಅಳತೆ ಮಾಡುವ ‘ವೀಕ್ಷಕ’ನೂ ಮನಸ್ಸುಳ್ಳವನೇ ಆಗಬೇಕಿಲ್ಲ, ಒಂದು ಪತ್ತೆಗಾರ ಉಪಕರಣ ಸಾಕು. ಪ್ರಾರ್ಥನೆಗೆ ಕೇಳುವವನೊಬ್ಬ ಬೇಕು.

ಸಂಜೆ ಕೊನೆಗೆ ತೆಗೆದದ್ದು ಯೋಬ 38:31. ಕೃತ್ತಿಕೆಯ ಸರಪಣಿಯನ್ನು ಬಿಗಿಯಬಲ್ಲೆಯಾ, ಮೃಗಶಿರದ ಕಟ್ಟನ್ನು ಸಡಿಲಿಸಬಲ್ಲೆಯಾ ಎಂದು ದೇವರು ಯೋಬನನ್ನು ಕೇಳುತ್ತಾನೆ. ಕೃತ್ತಿಕೆ ಗುರುತ್ವದಿಂದ ಬಿಗಿದ ನಕ್ಷತ್ರಗುಚ್ಛ, ಮೃಗಶಿರದ (ಒರಾಯನ್) ನಡುಪಟ್ಟಿಯ ನಕ್ಷತ್ರಗಳಿಗೆ ಅಂಥ ಕಟ್ಟಿಲ್ಲ, ನೋಡಿ ಎಷ್ಟು ಸರಿ ಎನ್ನುತ್ತಾರೆ. ಇದರಲ್ಲಿ ಅರ್ಧ ನಿಜ. ಕೃತ್ತಿಕೆಯಲ್ಲಿ ಸುಮಾರು ಸಾವಿರ ನಕ್ಷತ್ರಗಳಿವೆ, ದೂರ ಸುಮಾರು 440 ಜ್ಯೋತಿರ್ವರ್ಷ. ಆದರೆ ಆ ಬಿಗಿ ಶಾಶ್ವತವಲ್ಲ. ಗ್ಯಾಲಕ್ಸಿಯ ಸೆಳೆತ ಅದನ್ನು ಎಳೆದಾಡುತ್ತಿದೆ, ಸುಮಾರು 25 ಕೋಟಿ ವರ್ಷಗಳಲ್ಲಿ ಗುಚ್ಛ ಚದುರಿಹೋಗುತ್ತದೆ. ಆಗ ವಚನ ಸುಳ್ಳಾಯಿತೇ? ದೇವರು ಅಲ್ಲಿ ಖಗೋಳದ ಪಾಠ ಹೇಳುತ್ತಿಲ್ಲ, ಪ್ರಶ್ನೆ ಕೇಳುತ್ತಿದ್ದಾನೆ, ಅದೂ ಎಲ್ಲ ಕಳೆದುಕೊಂಡ ಒಬ್ಬ ಮನುಷ್ಯನನ್ನು ಎದುರಿಗೆ ನಿಲ್ಲಿಸಿಕೊಂಡು.

ಭಾನುವಾರದ ಶಾಲೆಯಲ್ಲಿ ಈ ಅಧ್ಯಾಯ ಕಲಿಸುವವರು ಡಿಸೆಂಬರ್ ಅಥವಾ ಜನವರಿಯ ರಾತ್ರಿ, ಚಂದ್ರನಿಲ್ಲದ ಹೊತ್ತು ಆರಿಸಿಕೊಳ್ಳಿ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು, ಆ ಹೊತ್ತಿನಲ್ಲಿ ಯಾರೂ ಮೊಬೈಲ್ ಬೆಳಗಿಸಬಾರದು. ಮೃಗಶಿರದ ನಡುಪಟ್ಟಿಯ ಮೂರು ನಕ್ಷತ್ರಗಳಿಂದ ವಾಯವ್ಯದ ಕಡೆಗೆ ಗೆರೆ ಎಳೆದರೆ ಕೆಂಪಗಿನ ರೋಹಿಣಿ, ಅದೇ ದಿಕ್ಕಿನಲ್ಲಿ ಇನ್ನಷ್ಟು ಮುಂದೆ ಹೋದರೆ ಕೃತ್ತಿಕೆ. ಬರಿಗಣ್ಣಿಗೆ ಎಷ್ಟು ಕಾಣುತ್ತವೆ ಎಂದು ಮಕ್ಕಳನ್ನು ಎಣಿಸಲು ಹೇಳಿ. ಹೆಚ್ಚಿನವರು ಆರು ಅಥವಾ ಏಳು ಎನ್ನುತ್ತಾರೆ. ಆಮೇಲೆ 7x50 ಅಥವಾ 10x50 ಬೈನಾಕ್ಯುಲರ್ ಕೈಗೆ ಕೊಟ್ಟು, ಮೊಣಕೈಗಳನ್ನು ಗೋಡೆಗೋ ಕಾರಿನ ಮೇಲೋ ಊರಿಸಿ ನೋಡಿಸಿ, ಇಲ್ಲದಿದ್ದರೆ ನೋಟ ಅಲುಗಾಡಿ ಮಂಕು ನಕ್ಷತ್ರಗಳು ಕಾಣವು. ಹತ್ತಾರು ನಕ್ಷತ್ರಗಳು ಒಮ್ಮೆಲೇ ತುಂಬಿಕೊಳ್ಳುತ್ತವೆ. ದೂರ, ವಯಸ್ಸು, ಚದುರಿಹೋಗುವುದು, ಇವನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ. ಎಲ್ಲರೂ ನೋಡಿ ಮುಗಿದ ಮೇಲೆ 31ರಿಂದ 33ರವರೆಗಿನ ವಚನಗಳನ್ನು ಓದಿಸಿ, ವಿವರಣೆ ಸೇರಿಸಬೇಡಿ.